ಯಾವ ಕಡೆ ಮೇಲೆ

ವಿರಾಜಪೇಟೆ, ಗಡಿಯಾರ ಕಂಬದ ಹಿಂದಿನ ಓಣಿ.
ದೇವರ ಪಟ, ಮದುವೆಯ ಪಟ, ತೀರಿಕೊಂಡವರ ಪಟ
ಕಟ್ಟು ಹಾಕುವುದು ನನ್ನ ಕಸುಬು.
ತಲೆ ಯಾವ ಕಡೆ, ಕಾಲು ಯಾವ ಕಡೆ ಎಂದು
ಈವರೆಗೆ ಯಾರನ್ನೂ ಕೇಳಬೇಕಾಗಿ ಬಂದಿರಲಿಲ್ಲ.

ನಾಪೋಕ್ಲುವಿನ ಬೋಜಮ್ಮ ಟೀಚರು ಸುರುಳಿ ಬಿಚ್ಚಿದರು.
ಬರೀ ಕಪ್ಪು ಶಾಯಿ.
ಹೊಳೆಯೊಳಗೆ ನಿಂತ ಏಣಿ, ಮೆಟ್ಟಿಲಿಗೊಂದು ಕಿವಿ.
ಕೋವಿಯ ನಳಿಗೆಯಲ್ಲಿ ಜೇನು ಕಟ್ಟಿದೆ;
ಪೀಚೆಕತ್ತಿ ಬೇರು ಬಿಟ್ಟು ಕರಿಮೆಣಸಿನ ಬಳ್ಳಿ.
ಮೀನೊಂದು ಒಲೆಯ ಮುಂದೆ ಕೂತು
ಕಡಂಬುಟ್ಟಿಗೆ ಕಾಯುತ್ತಿದೆ.
ಅದರ ಮುಖ, ಪಡೆದವನಾಣೆ, ನನ್ನ ಮಾವನದೇ.

ಗಾಜು ಒರೆಸುವ ಹುಡುಗ ಅಂದ: ಜೇನೆಂದರೆ ಶಾಂತಿ.
ಚೌಕಟ್ಟು ಒಯ್ಯಲು ಬಂದಿದ್ದ ಉತ್ತಯ್ಯ ಕನ್ನಡಕ ಏರಿಸಿ,
'ಏಣಿ ಎಂದರೆ ಕಾಫಿ ದರ,
ನೀರಿಗಿಳಿಯುವುದೇ ಅದರ ಕೆಲಸ' ಎಂದರು.
ಹಾಗಾದರೆ ಮೂಲೆಯ ಈ ಕಪ್ಪು?
ಗ್ರಹಣವೋ, ಗರ್ಭವೋ,
ಮೂವರೂ ಬಾಗಿದೆವು ಅದರ ಮೇಲೆ.

'ಅದಾ ಮೊಯ್ದು? ಕರೆಂಟು ಹೋಯಿತು.
ಕತ್ತಲಲ್ಲಿ ತಡವಿದೆ, ಬಾಟಲಿ ಮಗುಚಿತು.'

ಉಳಿದದ್ದು?

'ಉಳಿದದ್ದೂ ಹಾಗೇ.
ಕೈ ಸ್ವಲ್ಪ ನಿಧಾನವಾಗಿ ಮಗುಚಿತು, ಅಷ್ಟೆ.'

ರಾತ್ರಿ ಶಟರ್ ಎಳೆದು
ಸಿಲ್ವರ್ ಮರದ ಪಟ್ಟಿ ಕೂಡಿಸುವಾಗ
ಸುಮ್ಮನೆ ತಿರುಗಿಸಿದೆ.
ಏಣಿ ನೀರಿಗೆ ಇಳಿಯುತ್ತಿಲ್ಲ,
ನೀರೇ ಏಣಿ ಹತ್ತುತ್ತಿದೆ.
ಆ ಆಗಸ್ಟಿನಲ್ಲಿ ಹತ್ತಿತ್ತಲ್ಲ, ಹಾಗೆ.
ಮಾವ ಸಿಕ್ಕಿದ್ದು ಮೂರನೆಯ ದಿನ,
ಯಾರದೋ ಗದ್ದೆಯಲ್ಲಿ.
ಟೀಚರು ಅವರನ್ನು ನೋಡಿದವರೇ ಅಲ್ಲ.

ಬೆಳಿಗ್ಗೆ ನಾಲ್ಕು ಬದಿಗೂ ಕೊಕ್ಕೆ ಹೊಡೆದೆ.
ಚೀಟಿಯಲ್ಲಿ ಒಂದರ ದುಡ್ಡು ಮಾತ್ರ ಬರೆದೆ.