ಬಾಗಿಲಿಗಿಂತ ಎರಡು ಬೆರಳು

ಮೂರು ವರ್ಷ ಅರ್ಜಿ ಬರೆದು ತರಿಸಿದ ಸೂಕ್ಷ್ಮದರ್ಶಕ
ಡಂಡೀಯ ಈ ನೆಲಮಾಳಿಗೆಯ ಬಾಗಿಲಿಗಿಂತ
ಎರಡು ಬೆರಳು ಅಗಲ.
ಚೌಕಟ್ಟು ಕಿತ್ತರು.
ಐದು ವಿಭಾಗಗಳ ಪ್ರೊಫೆಸರುಗಳು ಉಸಿರು ಬಿಗಿಹಿಡಿದು
ಗೋಡೆಗಂಟಿ ನಿಂತರು.

ಒಳಗೆ ಕೂತ ಮೇಲೆ ಜಗಳ:
ಮೊದಲ ಗಾಜಿನಪಟ್ಟಿ ಯಾರದು?
ಮೀನಿನ ಭ್ರೂಣವೋ, ಯೀಸ್ಟೋ, ಗಡ್ಡೆಯ ಚೂರೋ?
ಸರದಿಯ ಹಾಳೆಯಲ್ಲಿ ಹೆಸರ ಮೇಲೆ ಹೆಸರು,
ನನ್ನ ಪಾಲಿಗೆ ಮಂಗಳವಾರ, ರಾತ್ರಿ ಎರಡರಿಂದ ನಾಲ್ಕು.

ತಂತ್ರಜ್ಞೆ ಮೊರಾಗ್ ಮಾತಾಡಲಿಲ್ಲ.
ಹತ್ತಿಕಡ್ಡಿಯಲ್ಲಿ ತನ್ನ ಕೆನ್ನೆಯ ಒಳಗೆ ಉಜ್ಜಿ,
ಗಾಜಿಗೆ ಸವರಿ, ಬಣ್ಣ ಹನಿಸಿ,
ದೀಪ ಆರಿಸಿದಳು.

ಕತ್ತಲಲ್ಲಿ
ಒಂದೊಂದೇ ನೀಲಿ ಬೀಜ ಹೊತ್ತು ತೇಲಿದವು
ಬೆಳಗ್ಗೆ ಓಟ್ಸ್ ಗಂಜಿ ಕುಡಿದ ಬಾಯಿಯ ಕೋಶಗಳು.
ಯಾರೂ ಕೆಮ್ಮಲಿಲ್ಲ.

"ಫೋಕಸ್ ಸರಿಯಿದೆ" ಎಂದು ದೀಪ ಹಾಕಿ
ಹಾಳೆಯ ಮೇಲಂಚಿನಲ್ಲಿ ಪೆನ್ಸಿಲಿನಿಂದ ಬರೆದಳು:
ಹತ್ತು ನಿಮಿಷ,
ನನ್ನ ಲೆಕ್ಕಕ್ಕೆ.