ಹಳೇ ಮಾಲು

ಬಿರಡೆ ಮುಟ್ಟಿದರೆ ಪುಡಿ.
ಟೀ ಜರಡಿಯಲ್ಲಿ ಸೋಸಿ
ಮುರಿಗೆಪ್ಪನ ಮುಂದಿಟ್ಟೆ,
ಎಪ್ಪತ್ತೆರಡನೇ ಇಸವಿಯ ಬರ್ಬನ್ನು.
ದಾವಣಗೆರೆ ಎಪಿಎಂಸಿಯಲ್ಲಿ ಲಾರಿಗಳಿಗೆ ನಿದ್ದೆ;
ಮಂಡಿಯೊಳಗೆ ತಕ್ಕಡಿ, ನಾವಿಬ್ಬರು,
ಒಂದು ಪೊಟ್ಟಣ ಖಾರ ಮಂಡಕ್ಕಿ.

ಮೂವತ್ತು ವರ್ಷ ಕಾಳು ಕಚ್ಚಿ
ತೇವ ಹೇಳಿದವನು.
ಮೀಟರು ಬಂದಮೇಲೆ ಯಾರೂ ಕೇಳಲಿಲ್ಲ.

ಗ್ಲಾಸು ಬೇಡವೆಂದ. ಅಂಗೈಗೆರಡು ಹನಿ,
ತಿಕ್ಕಿ ಮೂಗಿಗೆ ಹಿಡಿದು
‘ತಡಿ, ಘಾಟು ಹೋಗ್ಲಿ.’
ಆಮೇಲೆ ಒಂದೇ ಗುಟುಕು.

ತಳ ಹತ್ತಿದ ಬೆಲ್ಲದ ಪಾಕ,
ಹುರಿದ ಶೇಂಗಾದ ಸಿಪ್ಪೆ,
ಬಹಳ ದಿನ ತೆರೆಯದ ಬೀರುವಿನ ಕತ್ತಲೆ...
ಇವೆಲ್ಲ ನನ್ನ ಮಾತು.
ಅವನು ಕಣ್ಣು ಮುಚ್ಚಿ ಕೂತಿದ್ದ.

ಸೀಲು ಒಡೆಯದೆ ಕೊಟ್ಟರೆ ಲಕ್ಷ ಅಂದಿದ್ದರು ಮುಂಬೈಯವರು.
ಅದನ್ನು ಹೇಳಲಿಲ್ಲ.

‘ಮೆಕ್ಕೆಜೋಳ’ ಅಂದ, ಬೆರಳು ನೆಕ್ಕಿ.
‘ಚೆಂದ ಒಣಗ್ಸ್ಯಾರೆ. ಹನ್ನೆರಡರೊಳಗೈತಿ ತೇವ.
ಯಾವೂರ ಮಾಲು?’
ಕೆಂಟಕಿ ಅಂದೆ.
‘ನಾನು ಹರಪನಹಳ್ಳಿ ಕಡೀದು ಅನ್ಕಂಡೆ.’

ಬಾಟ್ಲಿಯನ್ನು ಬಲ್ಬಿಗೆ ಹಿಡಿದ;
ಸೋಸುವಾಗಿನ ಗೆರೆಯನ್ನು ಮೊದಲೇ ನೋಡಿಟ್ಟಿದ್ದನಂತೆ.
‘ಎರಡು ಬೆರಳು ಕಮ್ಮಿ ಇತ್ತಲ್ಲ, ಯಾರು ತಗಂಡ್ರು?’
ಯಾರೂ ಇಲ್ಲ, ಗಾಳಿ.
‘ಹೂಂ. ಐವತ್ತು ವರ್ಷ ಕಾದೈತಿ,
ಅದ್ಕೂ ದಲಾಲಿ ಬ್ಯಾಡೇನು’