ಕಿರುಬೆರಳು

ಪೊನ್ನಂಪೇಟೆ ಮೈದಾನದಲ್ಲಿ
ಪೆನಾಲ್ಟಿ ಕಾರ್ನರಿನ ಚೆಂಡು ಬಡಿದ
ಎಡಗೈ ಕಿರುಬೆರಳು
ಕಂಟ್ರೋಲಿನ ಮೂಲೆಗೆ ಬಗ್ಗದು.

ಕೂತಲ್ಲೇ ಕೂತು ಉಣ್ಣುತ್ತಿದ್ದ ಕ್ಯಾಪ್ಸ್ ಲಾಕಿಗೆ
ಆ ಕೆಲಸ ಹೊರಿಸಿ
ಉಂಗುರಬೆರಳಿಗೆ ಒಪ್ಪಿಸಿದೆ.
ಸೇವ್‌ಗೆ ಸ್ಪೇಸ್, ಆಮೇಲೆ ಎಸ್.
ಸಾಲು ಅಳಿಸಲು ಆಲ್ಟ್, ಡಿ.
ಎರಡು ರಾತ್ರಿ
ಉಳಿಸಹೋಗಿ ಅಳಿಸಿದೆ.
ಮಾರಿದ ಮೇಲೂ ಹಳೇ ಹಟ್ಟಿಗೇ ಬಂದು
ನಿಲ್ಲುವ ಹಸು, ಈ ಕೈ.

ಬೆಳಿಗ್ಗೆ ಬೊಳ್ಳಮ್ಮ ಬಂದಳು
ಕ್ಯೂರಿಂಗ್ ವರ್ಕ್ಸಿನ ತೂಕದ ಕೋಡ್ ತಿದ್ದಲು.
ಒತ್ತಿದಳು, ಬೆಚ್ಚಿದಳು.
'ಏನಿದು, ಬರೆದಿರೋದೊಂದು, ಆಗೋದೊಂದು!'

ಬೆರಳು ತೋರಿಸಿದೆ:
ಡಾಕ್ಟರ ಚೀಟಿಯಲ್ಲಿ ವಾಸಿ,
ಮಡಿಸಿದರೆ ಬೇರೆಯೇ ದಿಕ್ಕು.

ಅಂದು ಆ ಚೆಂಡು ಹೊಡೆದವಳು ಇವಳೇ.
ಸ್ಕ್ರೀನಿನಿಂದ ಕಣ್ಣು ಕೀಳದೆ ಕೇಳಿದಳು:
'ಅನ್‌ಡೂ ಎಲ್ಲಿಟ್ಟೆ?'